ಗೋಣಿಚೀಲ ಮುಚ್ಚಿದ ಬೋರು

ಹಂಪಾಪುರ
2–12–2008

ಅಕ್ಕನಿಗೆ ಮಹದೇವಪ್ಪನ ನಮಸ್ಕಾರಗಳು.

ದೀಪಾವಳಿಗೆ ಮೊದಲು ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ಆ ಕಂಪ್ಯೂಟರ್ ಅಂಗಡಿಗೆ ಹೋಗುವುದನ್ನು ಬಿಟ್ಟೆಯಾ ಎಂದು ನೀನು ಕೇಳಿದ್ದೆ. ಬಿಟ್ಟೆ ಎಂದು ಬರೆಯುವಷ್ಟು ಧೈರ್ಯ ಬರಲಿ ಎಂದು ಕಾದೆ. ಇವತ್ತಿಗೆ ನಲವತ್ತೊಂಬತ್ತು ದಿನ.

ಮಗ ಯತೀಶನ ಪಿಯುಸಿ ರಿಸಲ್ಟ್ ನೋಡಲು ಹ್ಯಾಂಡ್‌ಪೋಸ್ಟಿನ ಚಲುವರಾಜುವಿನ ಸೈಬರ್ ಸೆಂಟರಿಗೆ ಹೋದವನು, ಎಲ್ಲಿಯದೋ ಬಸ್ಸು ಕಣಿವೆಗೆ ಬಿದ್ದ ಸುದ್ದಿ ಓದಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಸತ್ತವರ ಸಂಖ್ಯೆ ಏರಿತ್ತು. ಮರುದಿನ ಅದನ್ನೇ ನೋಡಲು ಬಸ್ಸು ಹತ್ತಿದೆ. ಆಮೇಲೆ ಬಾಂಬು, ಪ್ರವಾಹ, ಕಾಲ್ತುಳಿತ. ಬೆಳಗಿನ ಪೇಪರು ಕಾಫಿ ಮುಗಿಯುವಷ್ಟರಲ್ಲಿ ಮುಗಿಯುತ್ತಿತ್ತು, ಮಡಿಸಿಟ್ಟು ಹೊಲಕ್ಕೆ ಹೋಗುತ್ತಿದ್ದೆ. ಇದಕ್ಕೆ ಕೊನೆಯ ಪುಟವೇ ಇರಲಿಲ್ಲ. "ಎಲ್ರೂ ರಿಸಲ್ಟ್ ನೋಡಕ್ ಬತ್ತಾರೆ, ನೀವೊಬ್ರು ಸತ್ತೋರ್ನ ಎಣಿಸಕ್ ಬತ್ತೀರಲ್ಲಣ್ಣ" ಎಂದ ಚಲುವರಾಜು. ನಕ್ಕು ಮತ್ತೆ ಪರದೆಯ ಕಡೆ ತಿರುಗಿದೆ.

ಫೋನಿನಲ್ಲಿ ಚುಟುಕಾಗಿ ಹೇಳಿದ್ದನ್ನು ಈಗ ಪೂರ್ತಿ ಬರೆಯುತ್ತೇನೆ. ಅಕ್ಟೋಬರಿನಲ್ಲಿ ಉತ್ತರದ ಕಡೆ ಒಂದು ಮಗು ಕೊಳವೆಬಾವಿಗೆ ಬಿತ್ತು. ಮೊದಲ ದಿನ ಅಂಗಡಿ ತೆರೆಯುವಾಗ ಹೋಗಿ ಮುಚ್ಚುವಾಗ ಎದ್ದೆ. ಹೆಸರೂ ಸರಿಯಾಗಿ ಗೊತ್ತಿಲ್ಲದ ಮಗುವಿಗಾಗಿ ಅತ್ತೆ. ಎರಡನೆಯ ದಿನ ಮಧ್ಯಾಹ್ನ ನಮ್ಮ ಹೊಲದಲ್ಲಿ ದುಡಿಯುವ ಕರಿಯಯ್ಯ ಆಟೋ ನಿಲ್ಲಿಸಿ ಬಾಗಿಲಿಗೆ ಬಂದ. "ಬುದ್ಧಿ, ನಿಮ್ ಬೋರ್ ತೂತ್ಗೆ ನಮ್ ಪವಿತ್ರನ್ ಕಾಲ್ ವೋಗ್ಬುಡ್ತು" ಎಂದ. ಆಟೋದಲ್ಲಿ ಅವನ ಹೆಂಡತಿ ಸೋಮಮ್ಮನ ತೊಡೆಯ ಮೇಲೆ ನಾಲ್ಕು ವರ್ಷದ ಮೊಮ್ಮಗಳು.

ನೀರು ಬೀಳದ ಬೋರಿನ ಕೇಸಿಂಗ್ ಪೈಪು ಕಿತ್ತು ಹೊಸ ಬೋರಿಗೆ ಹಾಕಿಸಿದ್ದೆ. ಹಳೆಯ ತೂತಿಗೆ ಗೋಣಿಚೀಲ ಮುಚ್ಚಿ, ಮೇಲೆ ಮುಳ್ಳು ಎಳೆದಿದ್ದೆ, ಅಷ್ಟೆ. ಮಗುವಿನ ಒಂದು ಕಾಲು ಸೊಂಟದವರೆಗೆ ಇಳಿದಿತ್ತು. ಪಕ್ಕದಲ್ಲೇ ಕಳೆ ಕೀಳುತ್ತಿದ್ದ ಸೋಮಮ್ಮ ಲಂಗ ಹಿಡಿದು ಎಳೆದಳು. ಮೂಳೆ ಮುರಿದಿತ್ತು. ಕಳೆದ ವಾರ ಪ್ಲಾಸ್ಟರ್ ಬಿಚ್ಚಿದರು.

ಬೋರಿಗೆ ಕಲ್ಲು ತುಂಬಿಸಿ ಕಾಂಕ್ರೀಟು ಹಾಕಿಸಿದೆ. ಅದು ಒಂದು ದಿನದ ಕೆಲಸ. ನನ್ನನ್ನು ತಡೆಯುವುದೇ ಕಷ್ಟವಾಯಿತು. ಹನ್ನೊಂದು ಗಂಟೆಗೆ ಕಾಲು ತಾನಾಗಿ ಬಸ್ಸಿನ ಕಡೆ ತಿರುಗುತ್ತಿತ್ತು. ನನ್ನನ್ನು ಕೂರಿಸಬೇಡ ಎಂದು ಚಲುವರಾಜುವಿಗೆ ಹೇಳಿದೆ. "ಬಂದ್ರೆ ಕರೆಂಟಿಲ್ಲ ಅಂತೀನಿ ಬುಡಣ್ಣ" ಎಂದ. ಮೊನ್ನೆ ಮುಂಬೈ ಸುದ್ದಿ ಬಂದಾಗ ಬಸ್ ಸ್ಟಾಪಿನವರೆಗೆ ಹೋದೆ. ಬಸ್ಸು ಬಂತು, ನಿಂತಿತು, ಹೋಯಿತು. ಮರುದಿನದ ಪೇಪರಿನಲ್ಲಿ ಇದ್ದಷ್ಟು ಓದಿ ಮಡಿಸಿಟ್ಟೆ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ದೇವರು ಆಯುಸ್ಸು, ಆರೋಗ್ಯ ಕೊಡಲಿ.

ನಿನ್ನ ತಮ್ಮ,
ಮಹದೇವಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ಚೀಲ ಹಾಳಾಗಿದ್ದು ಯಾರಿಗೂ ಗೊತ್ತಿರಲಿಲ್ಲ ಎಂದು ಫೋನಿನಲ್ಲಿ ನಿನಗೆ ಹೇಳಿದ್ದೆ. ಅದು ಸುಳ್ಳು. ಹಿಂದಿನ ದಿನ ಸೋಮಮ್ಮ ಹ್ಯಾಂಡ್‌ಪೋಸ್ಟಿಗೆ ಬಂದಾಗ ಅಂಗಡಿ ಬಾಗಿಲಲ್ಲಿ ನಿಂತು, "ಬುದ್ಧಿ, ಬೋರಿನ್ ಚೀಲ ಲಡ್ಡಾಗಿ ಹರ್ದೋಗದೆ, ಐಕ್ಳು ಅಲ್ಲೇ ಆಡ್ತವೆ. ಒಂದ್ ಚಪ್ಪಡಿಯಾರ ಎಳ್ಸಿ" ಎಂದಿದ್ದಳು. ನಾನು ತಿರುಗಿ ನೋಡಲಿಲ್ಲ. "ನಾಳೆ ನೋಡಾನ ಇರು, ಇಲ್ಲೊಂದ್ ಮಗ ಬೋರಿಗ್ ಬಿದ್ದದೆ" ಎಂದೆ. "ಅಯ್ಯೋ ಪಾಪ" ಎಂದು ಹೊರಟುಹೋದಳು.

ಇದನ್ನು ಅವಳು ಗಂಡನಿಗೂ ಹೇಳಿಲ್ಲ. ನಿನ್ನೆ ಅವರ ಮನೆಗೆ ಹೋದಾಗ, "ಆವತ್ತಿನ್ ಆ ಮಗ ಬದುಕ್ತಾ ಬುದ್ಧಿ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನೋಡಿ ಬಂದು ಹೇಳಲೇ ಎಂದೆ.

"ಬ್ಯಾಡ ಬುಡಿ. ಇವಳ್ ಕೈ ಹಿಡ್ಕಂದು ವಸಿ ನಡ್ಸಿ, ನಾನು ಮುದ್ದೆ ತೊಳಸ್ಬೇಕು" ಎಂದಳು.

ಬಾಗಿಲಿನಿಂದ ಹುಣಸೆಮರದವರೆಗೆ ಪವಿತ್ರಳನ್ನು ನಡೆಸಿದೆ, ಅಕ್ಕ. ನಡುವೆ ಎರಡು ಕಡೆ ಕುಳಿತಳು.