ಸೇಡು ಅಂತಲೇ ಬರಿ

ಮಂಗಳವಾರ, ಮಧ್ಯಾಹ್ನ

ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ ಎಂದು ಕೇಳಿ, ಆಮೇಲೆ ವಿಷಯಕ್ಕೆ ಬರೋಣ ಎಂದುಕೊಂಡಿದ್ದೆ. ಆಗುತ್ತಿಲ್ಲ. ಅಣ್ಣನನ್ನು ಕೆಲಸದಿಂದ ತೆಗೆದರು. ಅವನು ಫೋನಿನಲ್ಲಿ ಇನ್ನೇನಾದರೂ ಹೇಳುವ ಮೊದಲು ನನ್ನಿಂದಲೇ ನಿನಗೆ ಗೊತ್ತಾಗಲಿ.

ಅಣ್ಣ ಮೂರು ತಿಂಗಳು ಗಾಜು ಊದಿ ಮಾಡಿದ್ದ ದೊಡ್ಡ ತೂಗುದೀಪವನ್ನು ನಮ್ಮ ಕಾರ್ಖಾನೆಯ ಪ್ಯಾಕಿಂಗ್ ಅಕ್ಕ ಮೊನ್ನೆ ಎಲ್ಲರೆದುರೇ ಕಬ್ಬಿಣದ ಸರಳಿನಿಂದ ಚೂರು ಚೂರು ಮಾಡಿದಳು. ಒಂದು ಕಾಲಕ್ಕೆ ಅವಳೂ ಗಾಜು ಊದುತ್ತಿದ್ದವಳೇ. ಹೋದ ವರ್ಷ ಕೈ ಸುಟ್ಟ ಮೇಲೆ ಡಬ್ಬ ಕಟ್ಟುವ ಕೆಲಸಕ್ಕೆ ಹಾಕಿದ್ದರು.

ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ವಿಚಾರಣೆ ನಡೆಯಿತು. ಹೇಳಿಕೆ ಬರೆದುಕೊಳ್ಳುವ ಕೆಲಸ ನನ್ನದು. ಅವಳು, ಹೌದು ಒಡೆದೆ ಎಂದಷ್ಟೇ ಹೇಳಿದ್ದಳು. ಕಾರಣವನ್ನು ನಾನೇ ಸೇರಿಸಿದ್ದೆ, ಅಣ್ಣ ಹೇಳಿದ ಹಾಗೆ: ‘ಹೊಟ್ಟೆಕಿಚ್ಚಿನಿಂದ.’ ಓದಿ ಹೇಳಿ ಪೆನ್ನು ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ.

“ಹೊಟ್ಟೆಕಿಚ್ಚಲ್ಲ. ಸೇಡು ಅಂತ ಬರಿ,” ಅಂದಳು.

ಆ ಪದ ಬರೆದರೆ ತಪ್ಪು ದೊಡ್ಡದಾಗುತ್ತದೆ, ಪೊಲೀಸರವರೆಗೂ ಹೋಗಬಹುದು ಎಂದು ಮ್ಯಾನೇಜರ್ ಮೆತ್ತಗೆ ತಿಳಿಹೇಳಿದರು.

“ಹೊಟ್ಟೆಕಿಚ್ಚು ಅಂದ್ರೆ ಅಲ್ಲಿಗೆ ಮುಗೀತು ಸಾರ್, ಯಾರೂ ಏನೂ ಕೇಳಲ್ಲ. ಸೇಡು ಅಂದ್ರೆ, ಯಾತಕ್ಕೆ ಅಂತ ಕೇಳಲೇಬೇಕಲ್ಲ.”

ಅವರು ಕೇಳಿದರು. ಅವಳು ಬಲಗೈಯನ್ನು ಮೇಜಿನ ಮೇಲಿಟ್ಟಳು. ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿವೆ, ಉಗುರಿಲ್ಲ. ಅವಳು ಮಾಡಿದ ಬಟ್ಟಲನ್ನು ಕಾರ್ಖಾನೆಯ ಅಂಗಡಿಯ ಮುಂದಿನ ಗಾಜಿನ ಕಪಾಟಿಗೆ ಆರಿಸಿದ್ದ ವಾರವೇ, ಅಣ್ಣ ಅವಳ ಮುಂಗೈ ಹಿಡಿದು ಗಾಜು ಊದುವ ಕಾದ ಕೊಳವೆಗೆ ಒತ್ತಿದ್ದನಂತೆ. ನಾನು ಬರೆಯುತ್ತಿದ್ದ ಸಾಲು ಎಲ್ಲಿಗೆ ನಿಂತಿತೋ ಗೊತ್ತಿಲ್ಲ. ಅಣ್ಣ ಎದುರಿಗೇ ಕೂತಿದ್ದ. ಇಲ್ಲ ಅನ್ನಲಿಲ್ಲ, ಅಮ್ಮ. ಆ ಒಂದು ಮಾತಿಗೆ ನಾನು ಎಷ್ಟು ಕಾದೆ ಗೊತ್ತಾ!

ನಾನು ಹಳೆಯ ಪದ ಹೊಡೆದುಹಾಕಲು ಹೋದೆ. ಅವಳು ತಡೆದಳು.

“ಅದಿರಲಿ. ನಿಮ್ಮಣ್ಣನ ಹೆಸರಿನ ಮುಂದೆ ಬರಿ. ಹೊಟ್ಟೆಕಿಚ್ಚು ಅವನದು, ಸೇಡು ನನ್ನದು.”

ಹಾಗೇ ಬರೆದೆ. ಅವಳು ಎಡಗೈಯಲ್ಲಿ ಸಹಿ ಹಾಕಿದಳು. ಅವಳ ಕೆಲಸವೂ ಹೋಯಿತು.

ಅಣ್ಣ ನಿನ್ನ ಹತ್ತಿರ ಬಂದರೆ ಊಟ ಹಾಕು. ಬೇಡ ಎನ್ನಲಾರೆ.

ನಿನ್ನ,
ಚಿಕ್ಕವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಹೋದ ವರ್ಷ ‘ಕೈಜಾರಿ ಸುಟ್ಟುಕೊಂಡಳು’ ಎಂದು ವರದಿ ಬರೆದವಳೂ ನಾನೇ. ಆ ದಿನ ಪಕ್ಕದ ಕೋಣೆಯಲ್ಲಿದ್ದೆ. ಅವಳು ಕಿರುಚುವ ಮೊದಲು ಅಣ್ಣ, “ಈಗ ಊದು, ನೋಡೋಣ,” ಅಂದದ್ದು ನನಗೆ ಕೇಳಿಸಿತ್ತು. ಇವತ್ತೂ ಅದನ್ನು ಯಾರಿಗೂ ಹೇಳಲಿಲ್ಲ. ನನ್ನದಕ್ಕೆ ಯಾವ ಪದ, ಅಮ್ಮ?