ಆಕಾಶದಲ್ಲಿ ಎರಡೇ ಕಿಲೋಮೀಟರ್

ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಆರೋಗ್ಯ ಕೇಂದ್ರವನ್ನು ನೀವು ಗುಡ್ಡದ ಆಚೆಗೆ ಸಾಗಿಸಿದಿರಿ. ಅದರಿಂದ ಕನಕಮ್ಮ ಸತ್ತರು. ದೂರು ಇಷ್ಟೇ. ಉಳಿದದ್ದನ್ನು ಬರೆಯುತ್ತಿರುವುದು ಆ ಸಾವಿನ ಮೇಲೆ ನೀವು ಭೂಗೋಳದ ಪಾಠ ಮಾಡಿದ್ದಕ್ಕೆ.

ಕಳೆದ ವಾರ ಅವರ ಗಂಡ ರಾಮಚಂದ್ರಪ್ಪನವರ ಜೊತೆ ನಿಮ್ಮ ಕಚೇರಿಗೆ ಬಂದಿದ್ದೆ. ಆರ್ಕ್ಟಿಕ್‌ನ ರೆಸೊಲ್ಯೂಟ್, ಗ್ರೀಸ್ ಫಿಯೋರ್ಡ್ ಎಂಬ ಊರುಗಳ ನಡುವೆ ಆಕಾಶದಲ್ಲೇ ಸುಮಾರು ನಾನೂರು ಕಿಲೋಮೀಟರ್ ಇದೆ, ಅಲ್ಲಿಯವರು ಗೊಣಗದೆ ಬದುಕುತ್ತಾರೆ, ನಿಮಗೆ ಆಕಾಶದಲ್ಲಿ ಎರಡೇ ಕಿಲೋಮೀಟರ್ ಎಂದಿರಿ. ನಿಮ್ಮ ಓದಿಗೆ ನಮಸ್ಕಾರ. ನಾನೂ ಓದಿ ನೋಡಿದೆ. ಆ ಊರುಗಳ ನಡುವೆ ರಸ್ತೆಯಿಲ್ಲ, ವಿಮಾನವಿದೆ. ಜನ ಆಕಾಶದಲ್ಲಿ ಹೋಗುತ್ತಾರೆ, ಆದ್ದರಿಂದ ಆಕಾಶದಲ್ಲಿ ಅಳೆಯುತ್ತಾರೆ. ನೀವು ಯಾರ ರೆಕ್ಕೆ ನಂಬಿ ಅಳೆದಿರಿ? ಅರವತ್ತು ದಾಟಿದ ಕನಕಮ್ಮನಿಗೆ ರೆಕ್ಕೆ ಮೂಡಬಹುದೆಂಬ ವೈದ್ಯಕೀಯ ನಿರೀಕ್ಷೆ ನಿಮಗಿತ್ತೇ?

ಊರಿನವರೇ ಚಪ್ಪಾಳೆ ತಟ್ಟಿ ಒಪ್ಪಿದ್ದರು ಎಂದೂ ಹೇಳಿದಿರಿ. ನಿಜ. ಗ್ರಾಮಸಭೆಯ ದಿನ ನಾನು ಹೊಸೂರಿನಲ್ಲಿದ್ದೆ. ಇದ್ದವರು ಹೇಳಿದ್ದನ್ನು ಬರೆಯುತ್ತೇನೆ. ನಿಮ್ಮವರು ಶುದ್ಧ ತಮಿಳಿನಲ್ಲಿ, ಹೊಸ ಕೇಂದ್ರಕ್ಕೆ 'ವಾನ್‌ವಳಿ' ಎರಡೇ ಕಿಲೋಮೀಟರ್ ಎಂದರು. ಆಕಾಶಮಾರ್ಗ ಎಂದು ಅದರ ಅರ್ಥ. ತಮಿಳುನಾಡಿನಲ್ಲಿದ್ದರೂ ಮನೆಯಲ್ಲಿ ಕನ್ನಡವಾಡುವ, ಸಂತೆಯ ತಮಿಳಷ್ಟೇ ಬಲ್ಲ ನಮ್ಮವರಿಗೆ ಕೇಳಿಸಿದ್ದು ವ್ಯಾನು.

"ವ್ಯಾನ್ ಬಿಡ್ತಾರಂತೆ ಕಣ್ಲಾ!" ಎಂದ ದೊಡ್ಡಣ್ಣ.

"ಎರಡೇ ಕಿಲೋಮೀಟ್ರಾ? ಗುಡ್ಡ ತೂತು ಕೊರೀತಾರೇನ್ಲಾ?" ಎಂದು ಶಿವಣ್ಣ ಕೇಳಿದ.

"ಕೊರ್ಕೊಂಡ್ ಬರ್ಲಿ, ನಿನ್ ಗಂಟೇನ್ ಹೋಯ್ತದೆ? ಚಪ್ಪಾಳೆ ತಟ್ಲಾ ಮೊದ್ಲು!"

ತಟ್ಟಿದರು. ಕನಕಮ್ಮನೂ ತಟ್ಟಿದರು. ನಿಮ್ಮ ಕಡತದಲ್ಲಿ ಅದು ಸರ್ವಾನುಮತ.

ಉಬ್ಬಸ ಹೆಚ್ಚಾದಾಗ ಕನಕಮ್ಮ ಹಳೆಯ ಕೇಂದ್ರಕ್ಕೆ ನಡೆದೇ ಹೋಗುತ್ತಿದ್ದರು. ಮೂಗಿಗೆ ಮಾಸ್ಕ್ ಹಾಕಿಸಿಕೊಂಡು, ಯಂತ್ರದಿಂದ ಬರುವ ಔಷಧಿಯ ಹೊಗೆ ಎಳೆದುಕೊಂಡು, ನರ್ಸಮ್ಮನ ಜೊತೆ ಹರಟಿ ಮನೆಗೆ ಬರುತ್ತಿದ್ದರು. ಈ ಸಲ ಪಕ್ಕದ ಮನೆಯ ಬೀರೇಶನ ಬೈಕಿನಲ್ಲಿ, ಅವನಿಗೂ ಗಂಡನಿಗೂ ನಡುವೆ ಕೂತು, ಗುಡ್ಡ ಸುತ್ತಿಕೊಂಡು ಹೋದರು. ಮನುಷ್ಯರ ರಸ್ತೆಯಲ್ಲಿ ಅದು ಹದಿನಾಲ್ಕು ಕಿಲೋಮೀಟರ್.

"ಇನ್ನೆಷ್ಟ್ ದೂರ್ಲಾ, ಬೀರೇಶ?"

"ಬಂದ್ಬುಡ್ತು ಕಣಕ್ಕ."

ಆಮೇಲೆ ಅವರು ಕೇಳಲಿಲ್ಲ. ತಲೆ ಬೀರೇಶನ ಬೆನ್ನಿಗೆ ಒರಗಿತು. "ನಿದ್ದೆ ಹತ್ತೈತೆ, ನಿಧಾನಕ್ಕೆ ಓಡ್ಸ್ಲಾ" ಎಂದರು ರಾಮಚಂದ್ರಪ್ಪ. ಬೀರೇಶ ನಿಧಾನ ಮಾಡಿದ.

೨೦೦೪ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ನಮ್ಮ ಕೃಷ್ಣಗಿರಿ ಜಿಲ್ಲೆಯಾದಾಗ, ಅಧಿಕಾರಿಗಳು ಹತ್ತಿರ ಬಂದರೆಂದು ಮೈಸೂರುಪಾಕು ಹಂಚಿದವನು ನಾನು. ನೀವು ಧರ್ಮಪುರಿಯಲ್ಲೇ ಇದ್ದಿದ್ದರೆ ನಮ್ಮೂರನ್ನು ಮರೆತಿರುತ್ತಿದ್ದಿರಿ. ಮರೆತಿದ್ದರೆ ಕನಕಮ್ಮ ಬದುಕಿರುತ್ತಿದ್ದರು.

ನರ್ಸಮ್ಮನನ್ನೂ ಆ ಯಂತ್ರವನ್ನೂ ನಮ್ಮೂರಿಗೆ ವಾಪಸು ಕಳಿಸಿ. ಅದಕ್ಕೂ ಮೊದಲು ರಾಮಚಂದ್ರಪ್ಪನ ಮನೆಗೆ ನೀವೇ ಬನ್ನಿ. ಅವರಿಗೆ ಹೇಳಬೇಕಾದ್ದು ಒಂದೇ ಮಾತು: ಅಂದು ಬೈಕನ್ನು ಜೋರಾಗಿ ಓಡಿಸಿದ್ದರೂ ಆಕೆ ಉಳಿಯುತ್ತಿರಲಿಲ್ಲ ಎಂದು. ಸಿಕ್ಕವರನ್ನೆಲ್ಲ ಅವರು ಅದನ್ನೇ ಕೇಳುತ್ತಿದ್ದಾರೆ. ನಮಗೆ ಬಾಯಿ ಬರುತ್ತಿಲ್ಲ. ಸುಳ್ಳಾದರೂ ಚಿಂತೆಯಿಲ್ಲ, ಹೇಳಿ. ನಿಮಗೆ ಅಭ್ಯಾಸವಿದೆ.

ಇಂತಿ,
ನಿಮ್ಮ ನಕ್ಷೆಯ ಪ್ರಕಾರ ನಿಮಗೆ ತೀರಾ ಹತ್ತಿರದವನು,
ಸುಬ್ರಮಣಿ