ಅರ್ಧ ಗುಳಿಗೆ

ಮಾರ್ಚ್ 4, ಬೆಳಿಗ್ಗೆ 10

ಇವತ್ತೂ ಸಮ ಅರ್ಧ ಆಗಲಿಲ್ಲ. ಹುಬ್ಬು ತೀಡುವ ಬ್ಲೇಡಿನಲ್ಲಿ ಒತ್ತಿದರೆ ಒಂದು ಕಡೆ ಪುಡಿ ಉದುರುತ್ತದೆ. ದೊಡ್ಡ ಚೂರು ರನೀಮ್‌ಗೆ. ಚಿಕ್ಕದೂ ಪುಡಿಯೂ ನನಗೆ. ಬೆರಳು ನೆಕ್ಕಿ ಕಾಫಿ ಕುಡಿದೆ.

ಅವಳು ಈ ಮನೆಗೆ ಬಂದು ನಾಲ್ಕು ವಾರ ಆಯಿತು. ಸಿರಿಯಾದ ಹಮಾದಿಂದ ಬಂದವಳು, ಇಪ್ಪತ್ತೆರಡು ವರ್ಷ. ನನ್ನ ಹಾಗೇ ಎಚ್‌ಐವಿ ಇದೆ, ಔಷಧ ಇಲ್ಲ. ಸರ್ಕಾರಿ ಔಷಧ ಕೌಂಟರಿನ ಗುಮಾಸ್ತ ವಾಸದ ಕಾಗದ ಕೇಳಿದನಂತೆ. ಗುರುತುಚೀಟಿಯ ಗಂಡು ಹೆಸರನ್ನು ಮೂರು ಸಲ ಕೂಗಿ, ಕ್ಯೂ ಪೂರ್ತಿ ತಿರುಗಿ ನೋಡುವಂತೆ ಮಾಡಿ ಕಳಿಸಿದನಂತೆ. ಟ್ರಕ್ಕಿನಲ್ಲಿ ಅಡಗಿ ಗಡಿ ದಾಟಿದವಳಿಗೆ ವಾಸದ ಕಾಗದ ಎಲ್ಲಿಂದ ಬರಬೇಕು?

ಬುರ್ಜ್ ಹಮ್ಮೂದ್ ಬಡಾವಣೆಯ ಈ ಎರಡು ಕೋಣೆಯಲ್ಲಿ ಎಲ್ಲವೂ ಪಾಲು. ರೊಟ್ಟಿ, ವಿಗ್ಗು, ಹಾರ್ಮೋನು, ಚಪ್ಪಲಿ. ನಮ್ಮಂಥ ಟ್ರಾನ್ಸ್ ಹೆಂಗಸರನ್ನು ಹೆತ್ತವರು ಹೊರಗೆ ತಳ್ಳುತ್ತಾರೆ. ನಾವು ಒಳಗೆ ಕರೆದು ತಟ್ಟೆ ಇಡುತ್ತೇವೆ. ಹಂಚಿಕೊಳ್ಳದವಳು ಈ ಮನೆಯವಳಲ್ಲ. ನಿಯಮ ಮಾಡಿದವಳು ನಾನೇ.

ಮಾರ್ಚ್ 9

ಕ್ಲಿನಿಕ್ಕು. ರಕ್ತದ ವರದಿ. ಆರು ವರ್ಷದಿಂದ ವೈರಸ್ ಕಾಣದಷ್ಟು ಕಡಿಮೆ ಇತ್ತು. ಈಗ 3,100.

ನರ್ಸ್ ಸಿರ್ವಾರ್ತ್ ಕನ್ನಡಕ ಹಣೆಗೇರಿಸಿದರು. ಅರ್ಮೇನಿಯನ್ ಹೆಂಗಸು, ಕಣ್ಣು ತಪ್ಪಿಸುವುದು ಕಷ್ಟ.

"ನುಹಾದ್, ಗುಳಿಗೆ ಬಿಟ್ಟೆಯಾ?"

"ಒಂದು ದಿನಾನೂ ಬಿಟ್ಟಿಲ್ಲ ಸಿಸ್ಟರ್."

ಸುಳ್ಳಲ್ಲ. ನಿಜವೂ ಅಲ್ಲ. ಬೀದಿ ಬೀದಿ ಸುತ್ತಿ ಕಾಂಡೋಮ್ ಹಂಚುತ್ತಾ "ದಿನಾ ತಗೊಳ್ರೇ, ತಪ್ಪಿಸಬೇಡ್ರೇ" ಎಂದು ಹುಡುಗಿಯರಿಗೆ ಪಾಠ ಹೇಳುವವಳು ನಾನು. ಥೂ.

ಮಾರ್ಚ್ 10

ಹೋಗಿ ಹೇಳಿಬಿಟ್ಟೆ. ಸಿಸ್ಟರ್ ಬಾಗಿಲು ಹಾಕಿಕೊಂಡು ಬೈದರು.

"ಅರ್ಧ ಗುಳಿಗೆ ಅಂದ್ರೆ ವೈರಸ್ಸಿಗೆ ಕುಸ್ತಿ ಕಲಿಸೋದು. ನಾಳೆ ಅದೇ ಔಷಧ ನಿನಗೂ ನಾಟಲ್ಲ, ಅವಳಿಗೂ ನಾಟಲ್ಲ. ಪ್ರೀತಿ ಮಾಡಿ ಇಬ್ಬರನ್ನೂ ಹೂಳ್ತಿದ್ದೀಯ."

"ಮತ್ತೇನು ಮಾಡ್ಲಿ? ಅವಳು ನೋಡ್ತಾ ಕೂತಿರೋವಾಗ ನಾನೊಬ್ಬಳೇ ನುಂಗ್ಲಾ?"

"ಹೂಂ, ನುಂಗು. ಇಡೀದು. ಆಮೇಲೆ ಅವಳನ್ನ ಕರ್ಕೊಂಡು ಕೌಂಟರಿಗೆ ನಡಿ. ವಾಸದ ಕಾಗದ ಬೇಕು ಅಂತ ಯಾವ ನಿಯಮಾನೂ ಇಲ್ಲ. ಅದು ಆ ಗುಮಾಸ್ತ ಹುಟ್ಟಿಸಿದ್ದು. ಪತ್ರ ನಾನು ಬರ್ಕೊಡ್ತೀನಿ."

ನಿಯಮವೇ ಇಲ್ಲ! ಇಲ್ಲದ ನಿಯಮಕ್ಕೆ ತಲೆಬಾಗಿ ಐದು ವಾರ ಬ್ಲೇಡು ಹಿಡಿದು ಕೂತಿದ್ದೆ. ಕೌಂಟರಿನವರು ಕೊಡಬೇಕಾದದ್ದನ್ನು ನನ್ನ ಮೈಯಿಂದ ಕೊಯ್ದು ಕೊಟ್ಟೆ... ಅವರು ಆರಾಮಾಗಿ ಕಿಟಕಿ ಮುಚ್ಚಿಕೊಂಡರು.

ಮಾರ್ಚ್ 11, ಬೆಳಿಗ್ಗೆ 10

ಅವಳೆದುರೇ ಇಡೀ ಗುಳಿಗೆ ನುಂಗಿದೆ.

ರನೀಮ್ ಎದ್ದು ಬಟ್ಟೆ ಗಂಟು ಕಟ್ಟತೊಡಗಿದಳು.

"ಎಲ್ಲಿಗೇ?"

"ಪಾಲಿಲ್ಲ ಅಂದ್ರೆ ಹೊರಡು ಅಂತ ತಾನೇ ಅಮ್ಮಾ. ಅಷ್ಟು ಅರ್ಥ ಆಗಲ್ವಾ ನನಗೆ?"

ಗಂಟು ಕಿತ್ತುಕೊಂಡೆ. ವರದಿ ತೋರಿಸಿದೆ. ಸಿಸ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಇಬ್ಬರೂ ಅತ್ತೆವು. ಜೊತೆಗಿರುವ ತಮಾರಾ ಸಲೂನಿನಿಂದ ಬಂದವಳೇ, "ಕಾಡಿಗೆ ಒರೆಸಿಕೊಂಡು ಅಳ್ರೇ, ದಿಂಬಿನ ಕವರು ನಂದು" ಎಂದಳು.

ತಮಾರಾಗೆ ಸೋಂಕಿಲ್ಲ. ಬಾರದಂತೆ ತಡೆಯುವ ಗುಳಿಗೆ ದಿನಾ ತೆಗೆದುಕೊಳ್ಳುತ್ತಾಳೆ. ವಿಷಯ ಕೇಳಿ, ತನ್ನದನ್ನೇ ಒಡೆದು ರನೀಮ್‌ಗೆ ಕೊಡಲಾ ಅಂತಾಳೆ! ಕೈ ಮುಗಿದೆ. ಈ ಮನೆಗೆ ನಾನು ಕಲಿಸಿದ ಪಾಠ... ಎಷ್ಟು ಚೆನ್ನಾಗಿ ಕಲಿತಿದ್ದಾರೆ.

ಮಾರ್ಚ್ 15

ಕೌಂಟರು. ಮೊದಲ ದಿನ ನಾವು ಮೂವರು. ಗುಮಾಸ್ತ ಪತ್ರವನ್ನು ಬಿಚ್ಚಲೂ ಇಲ್ಲ. ಎರಡನೇ ದಿನ ನಮ್ಮ ಹುಡುಗಿಯರೂ ಸೇರಿ ಏಳು. ಇವತ್ತು ಹನ್ನೊಂದು ಜನ. ಕಿಟಕಿಯ ಕೆಳಗೆ ನೆಲದ ಮೇಲೆ ಕೂತೆವು. ಕಾಫಿ ಪಾತ್ರೆ, ರೊಟ್ಟಿ, ಅದಕ್ಕೆ ಉದುರಿಸಲು ಝಾತರ್ ಪುಡಿ. ಹಂಚುವುದು ನಮಗೆ ಗೊತ್ತಿರುವ ಕೆಲಸ. ಕ್ಯೂನಲ್ಲಿದ್ದವರಿಗೂ ಹಂಚಿದೆವು.

"ಇದೇನು ಮದುವೆ ಮನೆನಾ?" ಗುಮಾಸ್ತ ಕಿರುಚಿದ.

"ಹೌದು, ವರ ನೀವೇ," ತಮಾರಾ ಅಂದಳು. "ಸಹಿ ಹಾಕಿ ಸಾಹೇಬ್ರೇ, ಹೋಗ್ತೀವಿ."

ಕ್ಯೂ ನಕ್ಕಿತು. ಸಕ್ಕರೆ ಕಾಯಿಲೆಯ ಔಷಧಕ್ಕೆ ಬಂದಿದ್ದ ಒಬ್ಬ ಮುದುಕಿ ನಮ್ಮ ಕಾಫಿ ಕುಡಿದು ಲೋಟ ಹಿಂದಕ್ಕೆ ಕೊಟ್ಟು, "ನಿನಗೇನಮ್ಮಾ ಕೊಡ್ತಿಲ್ಲ?" ಅಂತ ರನೀಮ್‌ಳನ್ನು ಕೇಳಿದಳು.

"ಔಷಧ, ಅಜ್ಜಿ. ಕಾಗದ ಇಲ್ವಂತೆ."

ಮುದುಕಿ ಕೋಲಿನಿಂದ ಕಿಟಕಿ ಕುಟ್ಟಿದಳು. "ಲೋ! ಕಾಯಿಲೆ ಬರೋವಾಗ ಕಾಗದ ಕೇಳುತ್ತಾ? ಈ ಹುಡುಗೀದು ಕೊಡು, ಆಮೇಲೆ ನನ್ನದು ಕೊಡು. ಅಲ್ಲೀವರೆಗೂ ನಾನು ಇಲ್ಲಿಂದ ಸರಿಯಲ್ಲ."

ಅಜ್ಜಿ ಅವಳನ್ನು ಹುಡುಗಿ ಅಂದಳು. ರನೀಮ್ ಮುಖ ನೋಡಬೇಕಿತ್ತು.

ಹತ್ತು ನಿಮಿಷ ಯಾರೂ ಅಲುಗಲಿಲ್ಲ. ಒಳಗಿನಿಂದ ಮೇಲಧಿಕಾರಿ ಬಂದಳು. ಪತ್ರ ಬಿಚ್ಚಿದಳು. ಸಹಿ.

ಮಾರ್ಚ್ 17, ಬೆಳಿಗ್ಗೆ 10

ಮೂವತ್ತು ಗುಳಿಗೆಯ ಡಬ್ಬಿ. ಮುಚ್ಚಳದ ಮೇಲೆ ಸಿಸ್ಟರ್ ದಪ್ಪ ಅಕ್ಷರದಲ್ಲಿ ರನೀಮ್ ಎಂದು ಬರೆದಿದ್ದಾರೆ. ಅವಳು ಮೊದಲನೆಯದನ್ನು ಮಣೆಯ ಮೇಲಿಟ್ಟು ಬ್ಲೇಡು ಹುಡುಕಿದಳು.

"ಏನೇ ಮಾಡ್ತಿದ್ದೀಯ?"

"ಐದು ವಾರದ್ದು ನಿನಗೆ ಕಮ್ಮಿ ಬಿದ್ದಿದೆಯಲ್ಲಮ್ಮಾ."

ಬ್ಲೇಡು ಕಿತ್ತುಕೊಂಡು ಹುಬ್ಬು ತೀಡಲು ಕೂತೆ. ಒಂದು ಹುಬ್ಬು ತೆಳ್ಳಗಾಗಿದೆ.

ಏಪ್ರಿಲ್ 6

ಸಿಸ್ಟರ್ ಹೇಳಿದರು, ಪರೀಕ್ಷೆಯ ಪ್ರಕಾರ ಇಬ್ಬರಿಗೂ ಔಷಧ ಇನ್ನೂ ನಾಟುತ್ತದಂತೆ. ಬಚಾವಾದೆವು. ಆದರೆ ನನ್ನ ವೈರಸ್ಸಿನ ಅಂಕಿ ಇಳಿಯಬೇಕು.

ಮೇ 18, ಬೆಳಿಗ್ಗೆ 7.20

ಸಿಸ್ಟರ್ ಫೋನು.

"ಕೂತ್ಕೋ. ಕೂತ್ಯಾ? ರಕ್ತದಲ್ಲಿ ಏನೂ ಕಾಣಿಸ್ತಿಲ್ಲ ಕಣೇ. ಮೊದಲಿನ ಹಾಗೇ."

ರನೀಮ್ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಗೋಡೆ ಗುದ್ದಿದರು. ಗುದ್ದಲಿ. ಅವಳ ವರದಿ ನಾಳೆ. ಇಳಿಯುತ್ತಿದೆ, ನನಗೆ ಗೊತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ ಎರಡು ಇಡೀ ಗುಳಿಗೆ, ಎರಡು ಲೋಟ ನೀರು—

ಬಾಗಿಲಲ್ಲಿ ಯಾರೋ. ಗಂಟು ಹಿಡಿದ ಹೊಸಬಳು, ಸಿರಿಯಾದ ಹೋಮ್ಸ್‌ನವಳಂತೆ. ಔಷಧ ಇಲ್ಲ, ಕಾಗದ ಇಲ್ಲ. ನಾನು ಏಳುವ ಮೊದಲೇ ರನೀಮ್ ಅವಳ ಕೈಗೆ ರೊಟ್ಟಿ ಕೊಟ್ಟು ಹೇಳುತ್ತಿದ್ದಾಳೆ: "ಈ ಮನೇಲಿ ಎಲ್ಲಾ ಹಂಚ್ಕೋತೀವಿ. ಗುಳಿಗೆ ಮಾತ್ರ ಇಲ್ಲ. ಅದಕ್ಕೆ ಜೊತೇಲಿ ಬರ್ತೀವಿ. ಬೇಗ ತಿನ್ನು, ಎಂಟಕ್ಕೆ ಆ ಗುಮಾಸ್ತ ಕಿಟಕಿ ತೆಗೀತಾನೆ."

ತಮಾರಾ ಕಾಫಿ ಪಾತ್ರೆ ಹಿಡಿದು ಮೆಟ್ಟಿಲಿಳಿದಾಗಿದೆ. ಚಪ್ಪಲಿ ಎಲ್ಲಿ... ನನ್ನದನ್ನು ಯಾರು ಹಾಕ್ಕೊಂಡು ಹೋದರೋ—